ಗೂಢಚಾರನ ಶ್ರಾದ್ಧ

ಆ ಧಾರಾವಾಹಿಯ ಎರಡನೆಯ ಸೀಸನ್ ಮೊದಲನೆಯದನ್ನೂ ಮೀರಿಸಿದೆ ಎಂದು ಎಲ್ಲರೂ ಹೇಳುತ್ತಾರೆ. ಇದ್ದೀತು. ನಾನು ನೋಡಿದ್ದು ಅದರ ಒಂದೇ ದೃಶ್ಯ, ಅದೂ ಮಗಳ ಫೋನಿನಲ್ಲಿ, ಒಂದು ಕಿವಿಯನ್ನು ಕುಕ್ಕರಿನ ಕಡೆ ಇಟ್ಟುಕೊಂಡು. ಅದರಲ್ಲಿ ಕಾಶಿಯ ನಮ್ಮ ಹನುಮಾನ್ ಘಾಟಿನ ಮೆಟ್ಟಿಲುಗಳಿವೆ, ನನ್ನ ಗಂಡನ ಬೆನ್ನಿದೆ, ನಾನು ಬೇಯಿಸಿಕೊಟ್ಟ ಅನ್ನದ ಪಿಂಡಗಳಿವೆ. ನಾನಿಲ್ಲ. ಕ್ಯಾಮೆರಾದ ಹಿಂದೆ, ಮೇಲಿನ ಮೆಟ್ಟಿಲ ಮೇಲೆ, ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದೆ.

ನನ್ನ ಗಂಡ ಪುರೋಹಿತರು. ತಂದೆತಾಯಿಗಳ ಶ್ರಾದ್ಧ ಮಾಡಲು ಕರ್ನಾಟಕದಿಂದ ಬರುವವರು ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಾರೆ. ಇವರು ಮಾಡಿಸುತ್ತಾರೆ, ನಾನು ಅಡುಗೆ ಮಾಡಿ ಬಡಿಸುತ್ತೇನೆ. ಧಾರವಾಡದಿಂದ ಮದುವೆಯಾಗಿ ಈ ಗಲ್ಲಿಗೆ ಬಂದಾಗಿನಿಂದ ನನಗೆ ಇದೇ ಕೆಲಸ. ಯಾರದೋ ಅಪ್ಪ, ಯಾರದೋ ಅಜ್ಜಿ, ಎಂದೂ ಮುಖ ನೋಡದವರ ಹೆಸರಿನಲ್ಲಿ ಬೇಯಿಸುತ್ತ ಬಂದಿದ್ದೇನೆ. ಬಂದವರು ಅತ್ತು, ಉಂಡು, ಸಂಜೆ ಸೀರೆ ಅಂಗಡಿಗೆ ಹೊರಡುತ್ತಾರೆ. ನಾನು ಪಾತ್ರೆ ತಿಕ್ಕಲು ಕೂರುತ್ತೇನೆ. ನೀವು ಪುಣ್ಯ ಮಾಡಿದ್ದೀರಿ ಎಂದು ಯಾರಾದರೂ ಹೇಳಿದರೆ ಮೈಯೆಲ್ಲ ಉರಿಯುತ್ತದೆ. ಭೇಲೂಪುರದ ಡಾಕ್ಟರು ನನ್ನ ಮೊಣಕಾಲಿನ ಎಕ್ಸ್‌ರೇ ನೋಡಿ ಮೆಟ್ಟಿಲು ಹತ್ತುವುದನ್ನು ಬಿಟ್ಟುಬಿಡಿ ಎಂದರು. ಕಾಶಿಯಲ್ಲಿ ಮೆಟ್ಟಿಲು ಹತ್ತದೆ ಎಲ್ಲಿಗೆ ಹೋಗುವುದು ಎಂದು ಅವರನ್ನೇ ಕೇಳಿ ಬಂದೆ.

ಧಾರಾವಾಹಿಯವರು ಬಂದದ್ದು ಚಳಿ ಇಳಿಯುತ್ತಿದ್ದ ದಿನಗಳಲ್ಲಿ. ಮೊದಲನೆಯ ಸೀಸನ್ ದೇಶದಲ್ಲೆಲ್ಲ ಹೆಸರು ಮಾಡಿತ್ತಂತೆ. ಗೂಢಚಾರನೊಬ್ಬನ ಕಥೆ, ಹೆಂಡತಿಗೆ ಒಂದು ಸುಳ್ಳು, ಶತ್ರುವಿಗೆ ಇನ್ನೊಂದು ಸುಳ್ಳು ಹೇಳಿಕೊಂಡು ಬದುಕುವವನು. ಎರಡನೆಯ ಸೀಸನ್ ಶುರುವಾಗುವಾಗ ಅವನ ತಂದೆ ತೀರಿಕೊಂಡಿರುತ್ತಾರೆ. ಅವನು ಕಾಶಿಗೆ ಬಂದು, ತಲೆ ಬೋಳಿಸಿಕೊಂಡು, ಗಂಗೆಯ ದಡದಲ್ಲಿ ಪಿಂಡ ಇಡುತ್ತಾನೆ. ದೋಣಿಯಲ್ಲಿ ಕೂತ ಇಬ್ಬರು ಅವನ ಮೇಲೆ ಕಣ್ಣಿಟ್ಟಿರುತ್ತಾರೆ. ಕಥೆಯ ಪ್ರಕಾರ ಅವನು ಕನ್ನಡದವನಾದ್ದರಿಂದ ಕನ್ನಡದ ಪುರೋಹಿತರೇ ಬೇಕೆಂದು ಹುಡುಕಿಕೊಂಡು ನಮ್ಮ ಬಾಗಿಲಿಗೆ ಬಂದಿದ್ದರು.

ನಿರ್ದೇಶಕಿ ಮುಂಬಯಿಯ ಹೆಣ್ಣುಮಗಳು. ನಿಂತಲ್ಲಿ ನಿಲ್ಲದವಳು, ಹೋದಲ್ಲೆಲ್ಲ ಚಹಾದ ಲೋಟ ಮರೆತು ಬರುವವಳು. "ಆಂಟಿಜೀ, ಸಬ್ ಅಸಲಿ ಚಾಹಿಯೇ," ಎಲ್ಲವೂ ಅಸಲಿಯೇ ಆಗಬೇಕು ಎನ್ನುತ್ತ ಮಸಿ ಹಿಡಿದ ನನ್ನ ಅಡುಗೆಮನೆಯ ಗೋಡೆಯ ಫೋಟೋ ತೆಗೆದುಕೊಂಡಳು. ಸುಣ್ಣ ಹೊಡೆಸಿ ಎಂದು ಎಷ್ಟೋ ದಿನದಿಂದ ಗಂಡನಿಗೆ ಹೇಳುತ್ತಿದ್ದೆ. ಈಗ ಆ ಮಸಿಗೇ ಮರ್ಯಾದೆ ಬಂದಿತ್ತು.

ನಮ್ಮವರು ಯಾರನ್ನು ಕೂರಿಸುವ ಮೊದಲೂ ಕೇಳುವ ಪ್ರಶ್ನೆ ಒಂದಿದೆ. ಗೂಢಚಾರನ ಪಾತ್ರ ಮಾಡುವ ನಟನನ್ನೂ ಕೇಳಿದರು: "ತಂದೆ ಇದ್ದಾರಾ?"

"ಇದ್ದಾರ್ರಿ. ಧಾರವಾಡದಾಗ."

ನಮ್ಮ ಧಾರವಾಡದವನೇ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಇವರು ಮಾತ್ರ ಪಂಚಾಂಗ ಮುಚ್ಚಿ ಪಕ್ಕಕ್ಕಿಟ್ಟರು. "ಅರೇ ಭಾಯಿ, ಜೀವಂತ ಇರೋ ತಂದೆಗೆ ಮಗನ ಕೈಯಿಂದ ಪಿಂಡ ಇಡಿಸೋಕೆ ನನ್ನಿಂದ ಆಗಲ್ಲ. ನಾಟಕ ಆದ್ರೂ ಆಗಲ್ಲ."

ನಿರ್ದೇಶಕಿ ಕೈಮುಗಿದಳು, ಕಾಲು ಹಿಡಿಯಲೂ ಬಂದಳು. ಕೊನೆಗೆ ಒಂದು ಒಪ್ಪಂದವಾಯಿತು. ಕಥೆಯ ತಂದೆಗೆ ಕಥೆಯದೇ ಒಂದು ಹೆಸರು, ಎಲ್ಲೂ ಇಲ್ಲದ ಒಂದು ಗೋತ್ರ. ಅದನ್ನು ಕಾಗದದಲ್ಲಿ ಬರೆದು ಕೊಡುತ್ತಾರೆ, ಇವರು ಅದನ್ನೇ ಹೇಳುತ್ತಾರೆ. ಹುಟ್ಟದವನಿಗೆ ಸಾವೂ ಇಲ್ಲ, ಆ ಅನ್ನ ಬರೀ ಅನ್ನ ಎಂದು ಇವರು ಸಮಾಧಾನ ಮಾಡಿಕೊಂಡರು. ಇವರದ್ದು ಹಾಗೆಯೇ, ಊರಿಗಿಲ್ಲದ ನೇಮ. ಆ ನೇಮಕ್ಕೆ ಬೇಕಾದ ಅಕ್ಕಿ ಆರಿಸುವವಳು ಮಾತ್ರ ನಾನು.

ಹೇಗೆ ಕೂರುವುದು, ದರ್ಭೆ ಹೇಗೆ ಹಿಡಿಯುವುದು ಎಂದು ಕಲಿಯಲು ಆ ನಟ ಚಿತ್ರೀಕರಣದ ಹಿಂದಿನ ದಿನ ಮನೆಗೆ ಬಂದ. ಕಲಿತಾದ ಮೇಲೆ ಹೋಟೆಲಿಗೆ ಹೋಗದೆ ನನ್ನ ಅಡುಗೆಮನೆಯ ಹೊಸ್ತಿಲ ಬಳಿ ಕೂತುಬಿಟ್ಟ. ಸಾರು ಅನ್ನ ಬಡಿಸಿದೆ. ಎಡಗೈಯನ್ನು ಮತ್ತೆ ಮತ್ತೆ ಕೂದಲಿಗೆ ಒಯ್ಯುತ್ತಿದ್ದ. ದಟ್ಟವಾದ, ಒಳ್ಳೆಯ ಕೂದಲು.

"ನಾಳೆ ಇದನ್ನ ತಗೀತಾರ, ಕಾಕು," ಎಂದ, ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವ ಹಾಗೆ. "ಅವ್ವ ಹೋದಾಗ ತಗಸ್ಲಿಲ್ಲ."

ನಾನು ಕೇಳುವ ಮೊದಲೇ ಅವನೇ ಹೇಳಿದ. ಮೊದಲನೆಯ ಸೀಸನ್ನಿನ ಚಿತ್ರೀಕರಣ ಅರ್ಧವಾದಾಗ ಅವನ ತಾಯಿ ತೀರಿಕೊಂಡರಂತೆ. ಅರ್ಧಕ್ಕೆ ತೆಗೆದ ದೃಶ್ಯಗಳು ಮುಗಿಯುವವರೆಗೆ ಕೂದಲಿಗೆ ಕತ್ತರಿ ತಾಗಿಸುವ ಹಾಗಿರಲಿಲ್ಲ. ಅದು ಅವನಿಗೆ ಸಿಕ್ಕ ಮೊದಲ ದೊಡ್ಡ ಪಾತ್ರ. ಕೈತಪ್ಪಿ ಹೋದೀತೆಂಬ ಭಯ. ಊರಿಗೆ ಹೋದ, ಹೆಗಲು ಕೊಟ್ಟ, ಚಿತೆಯ ಮುಂದೆ ನಿಂತ. ಕ್ಷೌರಿಕ ಬಂದ ದಿನ ಅಪ್ಪ ಎಲ್ಲರ ಎದುರಿಗೆ ಕೇಳಿದರು: ಕೂಡತೀಯೋ ಇಲ್ಲೋ? ಅವನು ಇಲ್ಲ ಎಂದ. ಒಬ್ಬನೇ ಮಗ. ಅಪ್ಪ ತಾವೇ ಕೂತು ಹೆಂಡತಿಯ ಕರ್ಮ ಮುಗಿಸಿದರು. ಅಂದಿನಿಂದ ಪ್ರತಿ ವರ್ಷ ಶ್ರಾದ್ಧವನ್ನೂ ಅವರೇ ಮಾಡುತ್ತಾರೆ. ಮಗನ ಜೊತೆ ಒಂದು ಮಾತಿಲ್ಲ. ಇವನು ಫೋನ್ ಮಾಡಿದರೆ ಎತ್ತುವುದಿಲ್ಲ, ಬಾಗಿಲಿಗೆ ಹೋದರೆ ಒಳಗೆ ಹೋಗಿ ಕೂರುತ್ತಾರೆ.

"ಹಡೆದಾಕಿಗೆ ಕೊಡಲಿಲ್ಲ, ಈಗ ಸೀರಿಯಲ್ಲಿನ ಅಪ್ಪಗ ಕೊಡ್ಲಿಕ್ಕತ್ತೀನಿ. ಅಪ್ಪ ನೋಡೂದಿಲ್ಲ ಅಂದ್ರೂ ಮಂದಿ ತಂದು ತೋರಸ್ತಾರ್ರಿ. ಆಮ್ಯಾಲೆ ಮುಗದಽ ಹೋತು."

ನನಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಆ ಹೊತ್ತಿನಲ್ಲಿ ಎರಡನ್ನೂ ಆಡಿ ತೋರಿಸುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಇನ್ನೊಂದು ಸೌಟು ಸಾರು ಹಾಕಿದೆ.

ಮರುದಿನ ಬೆಳಿಗ್ಗೆ ಘಾಟಿನಲ್ಲೇ ಕೂರಿಸಿ ತಲೆ ಬೋಳಿಸಿದರು. ಅದನ್ನೂ ಚಿತ್ರಿಸಿಕೊಂಡರು. ಆಮೇಲೆ ಶುರುವಾಯಿತು ನೋಡಿ ನನ್ನ ಪಾಡು. ಪಿಂಡ ಇಟ್ಟ ಮೇಲೆ ಒಂದು ಸಲವಾದರೂ ಸರಿಯಾಗಿ ಮುಗಿಯಬೇಕಲ್ಲ? ಮೋಟಾರ್ ಬೋಟು ಭರ್ ಎಂದು ಹೋಯಿತು, ಮತ್ತೆ ಮಾಡಿ. ಆಡೊಂದು ಬಂದು ಪಿಂಡಕ್ಕೆ ಬಾಯಿ ಹಾಕಿತು, ಮತ್ತೆ ಮಾಡಿ. ಮೋಡ ಸರಿದು ಬಿಸಿಲು ಬಂತು, ಮತ್ತೆ ಮಾಡಿ. ಪ್ರತಿ ಸಲಕ್ಕೂ ಹೊಸ ಪಿಂಡ ಬೇಕು. ನಾನು ಮೆಟ್ಟಿಲು ಹತ್ತುವುದು, ಅನ್ನ ಬೇಯಿಸುವುದು, ಮೆಟ್ಟಿಲು ಇಳಿಯುವುದು. ಆ ಆಡಿಗೆ ಹೊಟ್ಟೆ ಬಿರಿದು ಅದು ಛತ್ರಿಯ ನೆರಳಿನಲ್ಲಿ ಮಲಗಿಬಿಟ್ಟಿತು. ನಿಜವಾದ ಶ್ರಾದ್ಧದಲ್ಲಿ ಸತ್ತವರೂ ಇಷ್ಟು ಕಾಡುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮುಖವೂ ಬಾಡಿತ್ತು. ಮಾನಿಟರ್ ನೋಡುತ್ತ ಕೂತಿದ್ದ ನಿರ್ದೇಶಕಿ ಎದ್ದು ಬಂದಳು. ಪಂಡಿತರು ಪಾಠ ಒಪ್ಪಿಸಿದ ಹಾಗೆ ಕಾಣುತ್ತಿದೆ, ಆ ಕಾಗದ ತೆಗೆದಿಡಿ, ದಿನವೂ ಹೇಗೆ ಮಾಡಿಸುತ್ತೀರೋ ಹಾಗೆಯೇ ಮಾಡಿಸಿ ಎಂದಳು. ಇವರು ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದರು. ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಕ್ಯಾಮೆರಾ ಓಡತೊಡಗಿತು. ಇವರು ದರ್ಭೆ ಹಾಸಿದರು, ಎಳ್ಳು ಬಿಟ್ಟರು, ತಲೆ ಎತ್ತದೆಯೇ ದಿನವೂ ಕೇಳುವ ಹಾಗೆ ಕೇಳಿಬಿಟ್ಟರು: "ಯಾರಿಗೆ?"

ದಿನವೂ ಜನ ಹೇಳುವ ಹಾಗೆ ಅವನೂ ಹೇಳಿಬಿಟ್ಟ. ತನ್ನ ನಿಜವಾದ ಗೋತ್ರ, ತನ್ನ ತಾಯಿಯ ಹೆಸರು.

ನಾನು ಬೋಗುಣಿ ಕೆಳಗಿಟ್ಟೆ. ಇವರ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಹೆಸರು ಬಂದ ಕೂಡಲೇ ಅದೇ ಹೆಸರಿಗೆ ಮಂತ್ರ ಹೊರಳಿತು. ಅವನ ಅಜ್ಜಿಯ, ಮುತ್ತಜ್ಜಿಯ ಹೆಸರು ಕೇಳಿದರು, ಅವನು ಅದನ್ನೂ ಹೇಳಿದ. ಇವರು ಇಡು ಎಂದರು, ಅವನು ಇಟ್ಟ. ಅವನ ಮುಖ ನನಗೆ ಓರೆಯಾಗಿ ಕಾಣುತ್ತಿತ್ತು. ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಸುತ್ತ ನಿಂತ ಮುಂಬಯಿಯವರಿಗೆ ಯಾವ ಹೆಸರಾದರೇನು, ಎಲ್ಲವೂ ಮಂತ್ರವೇ. ನಿರ್ದೇಶಕಿ ಕಟ್ ಎಂದಳು. ಇದೇ ಬೇಕಾಗಿತ್ತು ಎಂದು ಅವಳು ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು.

ಸಂಜೆ ಅವನು ಟೊಪ್ಪಿಗೆ ಹಾಕಿಕೊಂಡು ಬಾಗಿಲಿಗೆ ಬಂದ. "ಬಾಯಿಂದ ಹೆಂಗ ಬಂತೋ ಗೊತ್ತಾಗಲಿಲ್ಲ ಕಾಕು. ಆಚಾರ್ರ, ತಪ್ಪಾತೇನ್ರಿ?"

ಇವರು ಕಾಲು ಚಾಚಿ ಗೋಡೆಗೆ ಒರಗಿದ್ದರು. "ತಪ್ಪೇನಿಲ್ಲ. ತಂದೆ ಇದ್ರೂ ತಾಯಿಗೆ ಮಗ ಮಾಡಬೇಕು. ನಿನ್ನದೇ ಕೆಲಸ ಅದು, ಮಾಡಿದೆ. ನಾನು ಮಾಡಿಸಿದೆ, ಬಸ್."

ಅವನು ಟೊಪ್ಪಿಗೆ ತೆಗೆದು ಬೋಳುತಲೆಯ ಮೇಲೆ ಕೈಯಾಡಿಸಿಕೊಂಡ. ಆಮೇಲೆ, "ಶೂಟಿಂಗಿನವರಿಗೆ ಹೇಳಬ್ಯಾಡ್ರಿ. ಗೊತ್ತಾದ್ರ ಆ ಹೆಸರು ತಗದು ಕಥೀದು ಹಾಕತಾರ. ಅದು ಅಲ್ಲಿ ಇರಬೇಕ್ರಿ. ಅಪ್ಪನ ಕಿವಿಗೆ ಅದೊಂದು ಬಿದ್ರ ಸಾಕು," ಎಂದ. ನಾವು ಯಾಕೆ ಹೇಳೋಣ? ಹೇಳಲು ನಮಗೆ ಪುರುಸೊತ್ತಾದರೂ ಎಲ್ಲಿತ್ತು. ಮರುದಿನ ಬೀದರಿನ ಕಡೆಯ ಒಂದು ದೊಡ್ಡ ಕುಟುಂಬ ಬರುವುದಿತ್ತು, ನಾನಿನ್ನೂ ಉದ್ದು ನೆನೆಹಾಕಿರಲಿಲ್ಲ.

ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಮಳೆಗಾಲದ ಹೊತ್ತಿಗೆ ಮತ್ತೆ ಫೋನ್ ಬಂತು. ಬೋಟಿನ ಸದ್ದಿನಲ್ಲಿ ಮಂತ್ರ ಕೇಳಿಸುತ್ತಿಲ್ಲ, ಧ್ವನಿಯನ್ನು ಇನ್ನೊಮ್ಮೆ ಹಿಡಿಯಬೇಕು, ಕಂಟೋನ್ಮೆಂಟಿನ ಹೋಟೆಲಿಗೆ ಬನ್ನಿ ಎಂದರು. ನಟ ತನ್ನ ಮಾತನ್ನು ಮುಂಬಯಿಯಲ್ಲೇ ಕೊಡುತ್ತಾನಂತೆ. ಇವರಿಗೆ ಒಬ್ಬರೇ ಹೋಗಲು ಸಂಕೋಚ, ನನ್ನನ್ನೂ ಹೊರಡಿಸಿದರು. ಗಲ್ಲಿಯಲ್ಲಿ ಮೊಣಕಾಲುದ್ದ ನೀರು, ರಸ್ತೆಯಲ್ಲಿ ಜಾಮ್, ಆಟೋದವನ ಬಾಯಲ್ಲಿ ಪಾನ್. ಹೋಟೆಲು ಮುಟ್ಟುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ರೂಮಿನ ಕಿಟಕಿ ಬಾಗಿಲಿಗೆಲ್ಲ ರಜಾಯಿ ತೂಗುಹಾಕಿದ್ದರು. ಗಾಳಿಯಿಲ್ಲ. ಧ್ವನಿ ಹಿಡಿಯುವವನು ಮೈಕಿನ ಮುಂದೆ ಇವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಕಾಗದ ಕೊಟ್ಟ. ಮಂತ್ರ ನಿಮ್ಮದೇ, ಹೆಸರು ಮಾತ್ರ ಇದು ಎಂದ. ಕಥೆಯ ತಂದೆಯ ಹೆಸರು. ಇವರು ಕಾಗದ ನೋಡಿದರು, ನನ್ನನ್ನು ನೋಡಿದರು.

"ಹೇಳಿಬಿಡ್ರೀ," ಎಂದೆ ನಾನು ಮೆಲ್ಲಗೆ. "ಒಂದು ಹೆಸರಿಗೆ ಎಷ್ಟು ಹೊತ್ತು? ಮನೀಗೆ ಹೋಗೋಣ."

ಅದು ನನ್ನ ಮನಸ್ಸಿನ ಮಾತೇ ಆಗಿತ್ತು. ಆ ಹುಡುಗನ ಸಂಕಟ ನನಗೆ ಮರೆತಿರಲಿಲ್ಲ, ಆದರೆ ಕಾಲು ಬಾತುಕೊಂಡಿತ್ತು, ಒದ್ದೆ ಸೀರೆ ಪಾದಕ್ಕೆ ಅಂಟಿತ್ತು. ಪರರ ದುಃಖವನ್ನು ಹೊತ್ತು ತಿರುಗಲು ಮೈಯಲ್ಲಿ ಸ್ವಲ್ಪ ಕಸುವಾದರೂ ಇರಬೇಕು.

"ಆಗಲ್ಲ ಕಣೇ," ಎಂದರು ಇವರು. "ಒಬ್ಬರಿಗೆ ಇಟ್ಟಾಗಿದೆ. ಈಗ ಇನ್ನೊಬ್ಬರ ಹೆಸರು ಹೇಳಿದ್ರೆ ಆಯಮ್ಮನ ಎಲೆ ಮುಂದಿಂದ ಎಬ್ಬಿಸಿದ ಹಾಗಾಗುತ್ತೆ." ಕಾಗದ ಮಡಚಿಟ್ಟು ಕಣ್ಣು ಮುಚ್ಚಿದರು. ಅವನ ಗೋತ್ರ, ಅವನ ತಾಯಿಯ ಹೆಸರು, ಅಜ್ಜಿಯದು, ಮುತ್ತಜ್ಜಿಯದು, ಒಂದೂ ಬಿಡದೆ ಹೇಳಿದರು. ತೆರೆಯ ಮೇಲೆ ಇವರ ಬೆನ್ನೇ ಕಾಣುವುದರಿಂದ ತುಟಿ ಹೊಂದಿಸುವ ರಗಳೆಯೂ ಇರಲಿಲ್ಲ. ಕನ್ನಡವಾಗಲಿ ಸಂಸ್ಕೃತವಾಗಲಿ ಬಾರದ ಆ ಮನುಷ್ಯ ಹೆಬ್ಬೆರಳು ಎತ್ತಿ, "ಬಢಿಯಾ, ಪಂಡಿತ್‌ಜೀ," ಎಂದ. ಬರುವಾಗ ಆಟೋದಲ್ಲಿ ನಾನು ಇವರ ಜೊತೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಇವರೇ ಬಿಸಿನೀರು ಕಾಯಿಸಿ ನನ್ನ ಕಾಲಿಗೆ ತಂದಿಟ್ಟರು.

ಎರಡನೆಯ ಸೀಸನ್ ಬಂದಾಗ ಗಲ್ಲಿಯ ಹಾಲಿನವನಿಂದ ಹಿಡಿದು ಮಠದ ಅಡುಗೆಯವರವರೆಗೆ ಎಲ್ಲರೂ ನೋಡಿದರು. ವಿಶ್ವವಿದ್ಯಾಲಯದಲ್ಲಿರುವ ನಮ್ಮ ಮೈಸೂರಿನ ಡಾಕ್ಟರಮ್ಮ ಫೋನ್ ಮಾಡಿ, ಅಳು ಬಂತು ಎಂದರು. ಎಂಥ ನಟನೆ, ಎಂಥ ನಟನೆ ಎಂದು ಊರೆಲ್ಲ ಹೊಗಳಿತು. ಮಗಳು ನನಗೆ ತೋರಿಸಿದ್ದೂ ಆಗಲೇ. ಹೆಸರು ಇತ್ತು, ಸ್ವಚ್ಛವಾಗಿ ಕೇಳಿಸುತ್ತಿತ್ತು. "ದೇಖೋ ಅಮ್ಮಾ, ಪಪ್ಪಾ ಕೀ ಆವಾಜ್," ಅಪ್ಪನ ಧ್ವನಿ ಕೇಳು ಎಂದು ಅವಳು ಕುಣಿದಳು. ಧಾರವಾಡದಲ್ಲಿ ಯಾರಾದರೂ ಕೇಳಿಸಿಕೊಂಡರೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ. ಆ ನಟನಿಗೆ ಒಮ್ಮೆ ಫೋನ್ ಮಾಡಿ ಕೇಳಿದೆ. "ಇನ್ನೂ ಏನೂ ಇಲ್ಲ ಕಾಕು," ಎಂದಷ್ಟೇ ಹೇಳಿ ನನ್ನ ಕಾಲಿನ ವಿಚಾರ ಕೇಳಿದ.

ಮತ್ತೆ ಚಳಿ ಬಿತ್ತು. ಯಾವಾಗಿನಂತೆ ಒಬ್ಬರು ಫೋನ್ ಮಾಡಿ ಕೋಣೆ ಕೇಳಿದರು: ಹೆಂಡತಿಯ ಶ್ರಾದ್ಧ, ಒಬ್ಬರೇ ಬರುವುದು, ಕಾಶಿಯಲ್ಲಿ ಇಂಥದೇ ತಿಥಿ ಬೇಕೇನು? ಕ್ಷೇತ್ರದಲ್ಲಿ ಯಾವ ದಿನವಾದರೂ ನಡೆಯುತ್ತದೆ ಎಂದು ಇವರು ಹೇಳಿದರು. ಆದರೂ ಅವರು ಸರಿಯಾಗಿ ಹೆಂಡತಿ ತೀರಿಕೊಂಡ ತಿಥಿಗೇ ಬಂದರು. ಎತ್ತರದ ಮುದುಕರು, ಕತ್ತಿಗೆ ಮಫ್ಲರ್, ಕೈಯಲ್ಲಿ ಒಂದೇ ಒಂದು ಚೀಲ. ಮಾತು ಕಡಿಮೆ. ಇಂಥವರು ವರ್ಷವೆಲ್ಲ ಬರುತ್ತಾರೆ, ನಾನು ಮುಖ ನೋಡುವುದನ್ನೇ ಬಿಟ್ಟಿದ್ದೇನೆ. ನಸುಕಿನಲ್ಲೆದ್ದು ಒಲೆ ಹಚ್ಚಿ ಅಡುಗೆಗೆ ತೊಡಗಿದೆ.

ಹೊರಗೆ ಇವರು ದರ್ಭೆ ಹಾಸಿ ಕೇಳಿದ್ದು ಕೇಳಿಸಿತು. ಆ ಮುದುಕರು ಗೋತ್ರ ಹೇಳಿದರು, ಹೆಂಡತಿಯ ಹೆಸರು ಹೇಳಿದರು. ನನ್ನ ಕೈಯ ಸೌಟು ನಿಂತಿತು. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದೆ.

ಇವರ ಬಾಯಿ ಮಂತ್ರಕ್ಕೆ ತೆರೆದದ್ದು ಹಾಗೆಯೇ ಇತ್ತು. ಮುದುಕರು ಕೈಯಲ್ಲಿದ್ದ ಎಳ್ಳನ್ನು ಬಟ್ಟಲಿಗೆ ಮರಳಿ ಹಾಕಿದರು. "ಆಚಾರ್ರ, ಮುಂದ ಹೋಗೂಕಿಂತ ಮೊದಲ ಒಂದು ಕೇಳೂದದ. ಅದನ್ನ ಕೇಳೂ ಸಲುವಾಗೇ ನಿಮ್ಮ ಮನೀ ಹುಡುಕಿಕೊಂಡು ಇಷ್ಟು ದೂರ ಬಂದೇನಿ. ಮಂದಿ ಬಂದು, ನಿನ್ನ ಮಗಾ ಟೀವಿಯೊಳಗ ಬೋಳಸ್ಕೊಂಡಾನ ನೋಡು ಅಂದ್ರು. ಬಯ್ಯೂಣು ಅಂತನ ನೋಡಿದೆ. ನೋಡಿದ್ರ ಆಕೀ ಹೆಸರು ಕೇಳಿಸ್ತು. ಇನ್ನೊಮ್ಮೆ ಹಾಕಿ ಕೇಳಿದೆ. ಆದ್ರ ಧ್ವನಿ ಎಲ್ಲಾ ಆಮ್ಯಾಲೆ ಹಚ್ಚತಾರಂತ. ಅದನ್ನ ಅವಾ ಇಲ್ಲಿ ಕೂತು ಖರೇನ ಅಂದಾನೋ, ನನ್ನ ಒಲಸ್ಲಿಕ್ಕೆ ಆಮ್ಯಾಲೆ ಹಚ್ಚಿಸ್ಯಾನೋ?"

ಇವರು ನನ್ನ ಕಡೆ ತಿರುಗಿದರು. ನಾನೇ ಹೇಳಿದೆ: "ನಾ ಅಲ್ಲೇ ಮೆಟ್ಟಲ ಮ್ಯಾಲೆ ಕೂತಿದ್ದೆ. ಅವರು ಕೊಟ್ಟ ಕಾಗದದಾಗ ಬ್ಯಾರೆ ಹೆಸರಿತ್ರಿ. ಇವರು ಯಾರಿಗೆ ಅಂತ ಕೇಳಿದ್ರು, ಅವಾ ತಾನಾಗೇ ತಾಯೀ ಹೆಸರು ಅಂದ. ಯಾರೂ ಹೇಳಿಕೊಟ್ಟಿದ್ದಿಲ್ಲ."

"ಅಳತಿದ್ನಲ್ಲ. ಅದು?"

"ಅದು ನನಗ ಗೊತ್ತಿಲ್ರಿ. ಅದು ಅವನ ಕಸಬು. ಹೆಸರು ಮಾತ್ರ ಖರೆ."

ಅವರು ನನ್ನ ಮುಖವನ್ನೇ ನೋಡಿದರು. ಸುಳ್ಳು ಹೇಳಲೂ ಆಯಾಸಪಡುವ ಹೆಂಗಸು ಅನ್ನಿಸಿರಬೇಕು, ನಂಬಿದರು. ಬೆರಳಿನಲ್ಲಿದ್ದ ದರ್ಭೆಯ ಪವಿತ್ರವನ್ನು ನಿಧಾನವಾಗಿ ತೆಗೆದು ಕೆಳಗಿಟ್ಟರು.

"ಹಂಗಾದ್ರ ಈ ವರ್ಷದ್ದು ಆಗೇದ, ಆಚಾರ್ರ."

"ಅರೇ, ಇವತ್ತೇ ತಿಥಿ ಅಲ್ವಾ?" ಎಂದರು ಇವರು. "ಅಡುಗೆನೂ ಆಗಿದೆ."

"ಕ್ಷೇತ್ರದಾಗ ದಿನ ನೋಡೂದಿಲ್ಲಂತ ನೀವಽ ಹೇಳೀರಿ. ಮಗ ಮಾಡಿದ ಮ್ಯಾಲೆ ಗಂಡ ಯಾಕ ಮಾಡಬೇಕು? ನನಗೂ ಕೂತು ಕೂತು ಸಾಕಾಗೇದ."

ಇವರು ಏನೋ ಶಾಸ್ತ್ರ ಹೇಳಲು ಹೊರಟರು. ನಾನು ಕಣ್ಣಲ್ಲೇ ಗದರಿದೆ, ಸುಮ್ಮನಾದರು. ಮುದುಕರು ಗೋಡೆ ಹಿಡಿದು ಎದ್ದು ನಿಂತು ನನ್ನ ಕಡೆ ತಿರುಗಿದರು.

"ನಿಮ್ಮ ಫೋನಿನಿಂದ ಅವಗ ಹಚ್ಚಿಕೊಡ್ರಿ. ನನ್ನ ನಂಬರ್ ನೋಡಿದ್ರ ಅಂಜತಾನ."

ಹಚ್ಚಿದೆ. ಆ ಕಡೆಯಿಂದ, "ಹಾಂ, ಹೇಳ್ರಿ ಕಾಕು," ಎಂಬ ದನಿ ಬಂತು. ನಾನು ಏನೂ ಹೇಳದೆ ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡರು. ಆ ಕಡೆಯವನು, "ಕಾಕು? ಕೇಳಸ್ತದೇನ್ರಿ? ಕಾಕು?" ಎನ್ನುತ್ತಲೇ ಇದ್ದ.

"ಕಾಕು ಅಲ್ಲೋ," ಎಂದರು ಅವರು. "ನಾನು. ಅಪ್ಪ."